ಅಪ್ಪಣೆ ಕೇಳುವ ಡಬ್ಬಿ

ಅಂಕೋಲಾ
14 ಜೂನ್ 2008

ತಮ್ಮ ಮಂಗೇಶನಿಗೆ ಅಕ್ಕನ ಆಶೀರ್ವಾದ.

ಮನೆಯಲ್ಲಿ ಫೋನ್ ಇದ್ದೂ ಕಾಗದವೇಕೆ ಎಂದು ಕೇಳಬೇಡ. ಫೋನಿನಲ್ಲಿ ನಾನು ಒಂದು ಮಾತು ಮುಗಿಸುವುದರೊಳಗೆ ನೀನು ನಾಲ್ಕು ಸಲ ‘ಹ್ಞಾಂ, ಆತು’ ಅನ್ನುತ್ತೀಯ. ಮಲ್ಲಾಪುರದ ನಿನ್ನ ಕ್ವಾರ್ಟರ್ಸಿನಲ್ಲಿ ಟೀವಿ ಬೇರೆ ಕೂಗುತ್ತಿರುತ್ತದೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ. ಅಲ್ಲದೆ ನನಗೂ ಕಂಪ್ಯೂಟರಿನ ಮೇಲೆ ಕನ್ನಡ ಕೈಗೆ ಹತ್ತಬೇಕು. ಮೂವತ್ತೊಂದು ವರ್ಷ ಟೈಪ್‌ರೈಟರ್ ಕುಟ್ಟಿದ ಬೆರಳು, ಈ ಮೆತ್ತಗಿನ ಕೀಲಿಗಳ ಮೇಲೆ ಜಾರುತ್ತದೆ.

ನೀನು ಕಾರವಾರದಿಂದ ತಂದು ಇಳಿಸಿದ ಯಂತ್ರ ಚೆಂದವಿದೆ. ನನ್ನ ಟೈಪಿಂಗ್ ಕ್ಲಾಸಿಗೆ ಬರುವ ಹುಡುಗಿಯರು ಚಪ್ಪಲಿ ಹೊರಗೆ ಬಿಟ್ಟು ಅದರ ಮುಂದೆ ಕೂರುತ್ತಾರೆ. ನಿನ್ನ ಮಗಳು ವಿಜೇತಾ ಬೆಳಿಗ್ಗೆ ಶಾಲೆಗೆ ಪಾಠ ಹೇಳಲು ಹೋಗುವ ಮೊದಲು ನನಗೆ ಅರ್ಧ ತಾಸು ಹೇಳಿಕೊಡುತ್ತಾಳೆ. ಅವಳು ನನ್ನ ಜೊತೆಗಿರುವುದು ಎಷ್ಟು ಅನುಕೂಲವಾಯಿತು ನೋಡು.

ಆದರೆ ಒಂದು ಅಸಹ್ಯವಿದೆ. ಏನು ಮಾಡಹೋದರೂ ಪರದೆ ಥಟ್ಟನೆ ಕಪ್ಪಾಗಿ ನಡುವೆ ಒಂದು ಡಬ್ಬಿ ಬಂದು ನಿಲ್ಲುತ್ತದೆ. ಅದರಲ್ಲಿ ಇಂಗ್ಲಿಷು, ಕೆಳಗೆ ಎರಡು ಗುಂಡಿ. ಒಂದು ಕಂಟಿನ್ಯೂ, ಇನ್ನೊಂದು ಕ್ಯಾನ್ಸಲ್. ಅದನ್ನು ಒತ್ತುವವರೆಗೆ ಯಂತ್ರ ಅಲ್ಲಾಡುವುದಿಲ್ಲ. ಪ್ರಿಂಟರ್ ಹಾಕಿದರೆ ಬಂತು ಡಬ್ಬಿ. ಕನ್ನಡ ಅಕ್ಷರ ಹಾಕಿದರೆ ಬಂತು ಡಬ್ಬಿ. ಯಂತ್ರದೊಳಗಿನ ಗಡಿಯಾರ ಹತ್ತು ನಿಮಿಷ ಹಿಂದಿತ್ತು, ಸರಿ ಮಾಡಹೋದೆ, ಅದಕ್ಕೂ ಬಂತು. ನಿಮ್ಮ ಕಾಲನಿಯ ಗೇಟಿನಲ್ಲಿ ಕೂತವನು ‘ಯಾರ ಮನೆಗೆ? ಎಂತಕೆ? ಎಷ್ಟೊತ್ತಿಗೆ ವಾಪಸ್ಸು?’ ಎಂದು ಕೇಳುತ್ತಾನಲ್ಲ, ಅವನನ್ನೇ ತಂದು ನನ್ನ ಕ್ಲಾಸಿನೊಳಗೆ ಕೂರಿಸಿದಂತಾಗಿದೆ. ನನ್ನ ಯಂತ್ರಕ್ಕೆ ನಾನೇ ದಿನಕ್ಕೆ ಇಪ್ಪತ್ತು ಸಲ ಪಾಸ್ ತೋರಿಸಬೇಕೇ? ಹೇಸಿಗೆ ಬಂದಿದೆ.

ನಿನ್ನ ಅಕ್ಕ,
ದಮಯಂತಿ


ಮಲ್ಲಾಪುರ
27 ಜೂನ್ 2008

ಮಾತೃಸಮಾನಳಾದ ಅಕ್ಕನ ಪಾದಗಳಿಗೆ ಮಂಗೇಶನ ನಮಸ್ಕಾರಗಳು. ಇಲ್ಲಿ ಎಲ್ಲರೂ ಆರಾಮ. ಮಳೆ ಜೋರು.

ನಿನ್ನ ಕಾಗದ ಓದಿ ನಕ್ಕು ನಕ್ಕು ಸಾಕಾಯಿತು. ನಮ್ಮ ಸ್ಟೋರ್ಸ್ ಸೆಕ್ಷನ್ನಿನವರಿಗೂ ಓದಿ ಹೇಳಿದೆ. ಆ ಡಬ್ಬಿಯ ಕಾಟ ಹೊಸ ಯಂತ್ರಗಳಲ್ಲೆಲ್ಲ ಇದೆಯಂತೆ. ಯಾರಾದರೂ ಕಳ್ಳತನದಿಂದ ಒಳಗೆ ನುಗ್ಗಬಾರದು ಅಂತ ಹಾಗೆ ಮಾಡಿದ್ದಾರಂತೆ. ನಿನ್ನ ಟೈಪಿಂಗ್ ಕ್ಲಾಸಿಗೆ ಯಾವ ಕಳ್ಳ ಬರುತ್ತಾನೆ, ಹೇಳು. ಅದನ್ನು ಬಂದ್ ಮಾಡುವುದು ಎರಡು ನಿಮಿಷದ ಕೆಲಸ. ಎಲ್ಲಿ ಹೋಗಿ ಯಾವ ಗುರುತು ತೆಗೆಯಬೇಕು ಎಂದು ಒಬ್ಬರು ಚೀಟಿಯಲ್ಲಿ ಬರೆದು ಕೊಟ್ಟಿದ್ದಾರೆ. ಅಂಕೋಲೆಗೆ ಬಂದಾಗ ನಾನೇ ಮಾಡಿಕೊಡುತ್ತೇನೆ. ನೀನು ತಲೆ ಕೆಡಿಸಿಕೊಳ್ಳಬೇಡ.

ವಿಜೇತಾಳ ಬಗ್ಗೆ ಒಂದೆರಡು ಕಡೆ ಮಾತಾಡುತ್ತಿದ್ದೇನೆ. ಕೂಡಿಬಂದರೆ ತಿಳಿಸುತ್ತೇನೆ.

ನಿನ್ನ ತಮ್ಮ,
ಮಂಗೇಶ


ಅಂಕೋಲಾ
10 ಜುಲೈ 2008

ಮಂಗೇಶನಿಗೆ ಅಕ್ಕನ ಆಶೀರ್ವಾದ.

ನನ್ನ ಕಾಗದವನ್ನು ಆಫೀಸಿನಲ್ಲಿ ಓದಿದ್ದಕ್ಕೆ ಮೊದಲು ನಿನ್ನ ಕಿವಿ ಹಿಂಡಬೇಕು.

ಇನ್ನು ವಿಷಯ. ಡಬ್ಬಿಯನ್ನು ಬಂದ್ ಮಾಡಬೇಡ. ನನ್ನ ಮನಸ್ಸು ಬದಲಾಗಿದೆ. ಮೊನ್ನೆ ವಿಜೇತಾಳಿಗೆ, ‘ಅದರಲ್ಲಿ ಅಷ್ಟುದ್ದ ಬರೆದದ್ದಾದರೂ ಎಂತದೇ?’ ಎಂದು ಕೇಳಿದೆ. ಅವಳು ಓದಿ, ‘ಅತ್ತೆ, ಮುಂದೆ ಹೋಗೂಕೆ ನಿಮ್ಮ ಅಪ್ಪಣೆ ಬೇಕು ಅಂತ ಬರ್ದದೆ’ ಅಂದಳು. ನಾನು ಇನ್ನೊಮ್ಮೆ ಓದಿಸಿದೆ. ನನ್ನ ಅಪ್ಪಣೆಯಂತೆ!

ನೀನು ಮತ್ತೆ ನಗುತ್ತೀಯ, ನಗು. ನನಗೆ ಐವತ್ತಮೂರು. ಹತ್ತನೇ ಇಯತ್ತೆಯ ನಂತರ ಟೈಪಿಂಗಿಗೆ ಹಾಕಿದರು, ಕೇಳಲಿಲ್ಲ. ಅಪ್ಪನ ಕಾಲು ಹೋದ ಮೇಲೆ ಮನೆಯ ಎದುರಿನ ಕೋಣೆಯನ್ನು ಕ್ಲಾಸು ಮಾಡಿ ನನ್ನನ್ನು ಕೂರಿಸಿದರು, ಕೇಳಲಿಲ್ಲ. ಹೊರಗೆ ಬೋರ್ಡಿನ ಮೇಲೆ ನನ್ನ ಹೆಸರಿನ ಸ್ಪೆಲ್ಲಿಂಗನ್ನೂ ಪೇಂಟರನೇ ನಿರ್ಧರಿಸಿದ. ನಿನ್ನೆ ಮಧ್ಯಾಹ್ನ ಯಾರೂ ಇಲ್ಲದಾಗ ಯಂತ್ರದ ಗಡಿಯಾರ ಬದಲಿಸಹೋದೆ. ಡಬ್ಬಿ ಬಂತು. ಬೇಕೆಂದೇ ಕ್ಯಾನ್ಸಲ್ ಒತ್ತಿದೆ. ಮಂಗೇಶ, ಅದು ಎದುರು ಮಾತಾಡದೆ ಹಿಂದಕ್ಕೆ ಹೋಯಿತು. ಯಾಕೆ ಎಂದು ಕೂಡ ಕೇಳಲಿಲ್ಲ. ಮೂರು ಸಲ ಹಾಗೆ ಮಾಡಿದೆ. ಮೂರು ಸಲವೂ ಕೇಳಿತು.

ಆದ್ದರಿಂದ ಅದು ಇರಲಿ. ಚೀಟಿ ನಿನ್ನ ಹತ್ತಿರವೇ ಇಟ್ಟುಕೋ.

ನಿನ್ನ ಅಕ್ಕ,
ದಮಯಂತಿ


ಮಲ್ಲಾಪುರ
20 ಆಗಸ್ಟ್ 2008

ಅಕ್ಕನ ಪಾದಗಳಿಗೆ ನಮಸ್ಕಾರಗಳು.

ತಡವಾಯಿತು, ಬೈಯಬೇಡ. ಎರಡು ಸಿಹಿ ಸುದ್ದಿ.

ಒಂದು, ನಿನ್ನ ಡಬ್ಬಿಯ ಕಾಟ ಮುಗಿಯಿತು. ಜುಲೈ 26ಕ್ಕೆ ನೀನು ಪರೀಕ್ಷೆಯ ಕೆಲಸಕ್ಕೆ ಕುಮಟೆಗೆ ಹೋಗಿದ್ದೆಯಲ್ಲ, ಅವತ್ತು ನಾನು ಅಂಕೋಲೆಗೆ ಬಂದಿದ್ದೆ. ವಿಜೇತಾ ಶಾಲೆಗೆ ಹೋಗಿದ್ದಳು. ಕ್ಲಾಸಿನ ಇನ್ನೊಂದು ಕೀಲಿ ನನ್ನ ಹತ್ತಿರ ಇದೆಯಲ್ಲ, ತೆಗೆದು ಕೂತು ಚೀಟಿಯಲ್ಲಿದ್ದಂತೆ ಮಾಡಿ ಹೋದೆ. ಎರಡು ನಿಮಿಷವೂ ಹಿಡಿಯಲಿಲ್ಲ. ನೀನು ಬೇಡ ಅಂತ ಬರೆದದ್ದು ತಮಾಷೆಗೆ ಎಂದು ಗೊತ್ತು. ಈಗ ಆರಾಮಾಗಿದೆಯಲ್ಲ?

ಎರಡನೆಯದು, ವಿಜೇತಾಳಿಗೆ ಗಂಡು ಸಿಕ್ಕಿದೆ. ಕಾರವಾರ ಕೋಡಿಬಾಗದ ಮನೆ, ಹುಡುಗನ ಹೆಸರು ಭರತ, ಬ್ಯಾಂಕಿನಲ್ಲಿ ಕೆಲಸ. ಫೋಟೋ ನೋಡಿ ಅವರು ಒಪ್ಪಿದ್ದಾರೆ. ಸೋಮವಾರ ಶೆಟಗೇರಿಗೆ ಹೋಗಿ ಅಮ್ಮನ ಗುಡಿಯಲ್ಲಿ ಪ್ರಸಾದ ಕೇಳಿಸಿದೆ. ಪೂಜಾರಿ ಸುಬ್ಬ ಗುನಗನೇ ಅಮ್ಮನ ಮೂರ್ತಿಗೆ ನೀರು ಹಚ್ಚಿ ಎಡಕ್ಕೊಂದು ಬಲಕ್ಕೊಂದು ಕೇಪಳ ಹೂವಿನ ಮೊಗ್ಗು ಅಂಟಿಸಿದ. ನಾನು ಮನಸ್ಸಿನಲ್ಲಿ ಕೇಳಿಕೊಂಡು ಮುಗಿಸುವುದರೊಳಗೆ ಬಲದ ಮೊಗ್ಗು ಬಿತ್ತು, ಅಮ್ಮ ಹೂಂ ಅಂದಳು. ಡಿಸೆಂಬರ್ 7, ಭಾನುವಾರ, ನಿಶ್ಚಿತಾರ್ಥ. ಹುಡುಗಿಗೆ ನೀನೇ ಸಾವಕಾಶ ತಿಳಿಸಿಬಿಡು. ನಿನ್ನ ಮಾತು ಕೇಳುತ್ತಾಳೆ.

ನಿನ್ನ ತಮ್ಮ,
ಮಂಗೇಶ


ಅಂಕೋಲಾ
11 ಸೆಪ್ಟೆಂಬರ್ 2008

ಮಂಗೇಶನಿಗೆ,

ಇದನ್ನು ಕೈಯಲ್ಲಿ ಬರೆಯುತ್ತಿದ್ದೇನೆ, ಯಂತ್ರ ರಿಪೇರಿಗೆ ಹೋಗಿದೆ. ಏನಾಯಿತೆಂದು ಹೇಳುತ್ತೇನೆ, ನಿನ್ನ ಸೆಕ್ಷನ್ನಿನವರಿಗೂ ಓದಿ ಹೇಳು.

ಚೌತಿ ಮುಗಿದ ಮರುದಿನ ಯಾರೋ ಒಬ್ಬರು ಅರ್ಜಿ ಪ್ರಿಂಟ್ ತೆಗೆಸಲು ಪೆನ್ ಡ್ರೈವ್ ತಂದರು. ಹಾಕಿದೆ. ಪ್ರಿಂಟ್ ಬಂತು, ಅವರು ಹೋದರು. ಡಬ್ಬಿ ಬರಲಿಲ್ಲ, ಯಾಕೆಂದರೆ ನೀನು ಅದರ ಬಾಯಿ ಮುಚ್ಚಿ ಹೋಗಿದ್ದೆ, ತಿರುಗಿ ತೆರೆಯುವುದು ನನಗೆ ಗೊತ್ತಿರಲಿಲ್ಲ. ಸಂಜೆ ಸೀನಿಯರ್ ಬ್ಯಾಚಿನ ಆರು ಹುಡುಗಿಯರು ಕೂತಿದ್ದಾಗ ಪರದೆಯ ಮೇಲೆ ತಾನಾಗಿಯೇ ಚಿತ್ರಗಳು ಬರತೊಡಗಿದವು. ಎಂಥ ಚಿತ್ರ ಎಂದು ನಿನಗೆ ಬರೆಯಲು ನನ್ನ ಪೆನ್ನು ಏಳುವುದಿಲ್ಲ. ಒಂದನ್ನು ಮುಚ್ಚಿದರೆ ಎರಡು. ಹುಡುಗಿಯರು ಗೋಡೆಯ ಕಡೆ ತಿರುಗಿ ನಿಂತರು. ಅಷ್ಟರಲ್ಲಿ ಒಬ್ಬಳ ತಂದೆ ಕರೆದೊಯ್ಯಲು ಬಂದವರು ಬಾಗಿಲಲ್ಲಿ ನಿಂತು ಪರದೆಯನ್ನೂ ನೋಡಿದರು, ನನ್ನನ್ನೂ ನೋಡಿದರು. ನಾನು ಸೆರಗಿನಿಂದ ಪರದೆ ಮುಚ್ಚಿ ಹಿಡಿದಿದ್ದೆ. ಮೂವತ್ತೊಂದು ವರ್ಷ ಪಾಠ ಹೇಳಿ ಈ ಊರಿನಲ್ಲಿ ‘ಅಕ್ಕೋರು’ ಅನ್ನಿಸಿಕೊಂಡವಳು ನಾನು. ಈಗ ಅವರು ಪೇಟೆಯಲ್ಲಿ ಕಂಡರೆ ನಾನು ಪಕ್ಕದ ಓಣಿಗೆ ತಿರುಗುತ್ತೇನೆ. ಇಬ್ಬರು ಹುಡುಗಿಯರು ಮತ್ತೆ ಬರಲೇ ಇಲ್ಲ.

ಪರೀಕ್ಷೆಗೆ ಕಟ್ಟಬೇಕಾದ ಹದಿನೆಂಟು ಜನರ ಅರ್ಜಿ ಅದರಲ್ಲೇ ಇತ್ತು, ಹಾಳಾಯಿತು. ಮತ್ತೆ ಹಳೆಯ ಟೈಪ್‌ರೈಟರಿನ ಧೂಳು ಕೊಡವಿ ಒಂದೊಂದಾಗಿ ಹೊಡೆದೆ. ರಿಪೇರಿಯ ರೂಪೇಶ ನೋಡಿ ಏನಂದ ಗೊತ್ತೇ? ‘ಅಕ್ಕೋರೆ, ಇದು ಒಳಗೆ ಬರೂಕಿಂತ ಮುಂಚೆ ನಿಮ್ಮ ಹತ್ರ ಕೇಳ್ತಿತ್ತು. ಬೇಡ ಅಂದ್ರೆ ಅಲ್ಲೇ ನಿಲ್ತಿತ್ತು. ಯಾರೋ ಕೇಳೂದೇ ಬಂದ್ ಮಾಡಿ ಇಟ್ಟೀರು.’ ಯಾರು ಎಂದು ನಾನು ಹೇಳಲಿಲ್ಲ. ನಾಚಿಕೆಯಾಯಿತು.

ನಾನು ಕನ್ನಡದಲ್ಲಿ ‘ಬಂದ್ ಮಾಡಬೇಡ’ ಎಂದು ಬರೆದಿದ್ದೆ. ಅದು ನಿನಗೆ ತಮಾಷೆಯಾಗಿ ಕಂಡಿತು. ನಾನಿಲ್ಲದ ದಿನ ನೋಡಿ, ಕೀಲಿ ತೆಗೆದು, ನನ್ನ ಕುರ್ಚಿಯ ಮೇಲೆ ಕೂತು ನನ್ನ ಕೆಲಸ ಸುಲಭ ಮಾಡಿ ಹೋದೆ. ಹೇಸಿಗೆ ಎಂದರೆ ಇದು.

ಇನ್ನು ವಿಜೇತಾ. ಹುಡುಗನನ್ನು ಕೇಳಿದಿರಿ, ಅವನ ಮನೆಯವರನ್ನು ಕೇಳಿದಿರಿ, ಕೇಪಳದ ಮೊಗ್ಗನ್ನೂ ಕೇಳಿದಿರಿ. ಅವಳನ್ನು ಕೇಳಿದಿರಾ? ‘ತಿಳಿಸಿಬಿಡು’ ಅನ್ನುತ್ತೀಯ. ನಾನು ತಿಳಿಸುವುದಿಲ್ಲ. ನೀನು ಬಂದು ಕೇಳು.

ದಮಯಂತಿ


ಮಲ್ಲಾಪುರ
2 ಅಕ್ಟೋಬರ್ 2008

ಅಕ್ಕನಿಗೆ ನಮಸ್ಕಾರಗಳು.

ಯಂತ್ರದ ವಿಷಯ ಕೇಳಿ ಬೇಜಾರಾಯಿತು. ರಿಪೇರಿಗೆ ಆದದ್ದು ನಾನು ಕೊಡುತ್ತೇನೆ. ಆದರೆ ಒಳ್ಳೆಯದಕ್ಕೆ ಮಾಡಿದ್ದನ್ನು ನೀನು ಇಷ್ಟು ದೊಡ್ಡದು ಮಾಡಬಾರದಿತ್ತು. ಸಿಕ್ಕಿದವರ ಪೆನ್ ಡ್ರೈವ್ ಹಾಕಿದವಳು ನೀನು, ನಾನಲ್ಲ.

ವಿಜೇತಾಳನ್ನು ಕೇಳುವುದು ಎಂತದು? ಅವಳಿಗೆ ಇಪ್ಪತ್ತೆರಡು. ಏನು ಗೊತ್ತು? ಅಮ್ಮನನ್ನೇ ಕೇಳಿದ ಮೇಲೆ ಅದಕ್ಕಿಂತ ದೊಡ್ಡ ಅಪ್ಪಣೆ ಇದೆಯೇ? ಪ್ರಸಾದ ಎಷ್ಟು ಸ್ಪಷ್ಟ ಬಿತ್ತೆಂದರೆ ಸುಬ್ಬ ಗುನಗನೇ ಖುಷಿಯಾದ. ನನ್ನ ಹೆಂಡತಿಗೆ ಮಾತ್ರ ಒಂದು ಗಳಿಗೆ ಮುಖ ಸಣ್ಣದಾಗಿತ್ತು, ಯಾಕೆಂದರೆ ಎದುರು ನಿಂತವರಿಗೆ ಮೊಗ್ಗು ಎಡಕ್ಕೆ ಬಿದ್ದಂತೆ ಕಾಣುತ್ತದೆ. ನಾನೇ ಅವಳಿಗೆ ತಿಳಿಸಿ ಹೇಳಿದೆ: ಅಮ್ಮ ನಮ್ಮ ಕಡೆ ಮುಖ ಮಾಡಿ ನಿಂತಿದ್ದಾಳೆ, ಅಮ್ಮನ ಬಲ ಅಂದರೆ ನಮಗೆ ಎಡಗೈ ಕಡೆ, ಇದು ಗೊತ್ತಿಲ್ಲದೆ ಎಷ್ಟೋ ಜನ ಮೋಸ ಹೋಗುತ್ತಾರೆ ಅಂತ.

ನಿನ್ನ ವಿಷಯದಲ್ಲೂ ಅಪ್ಪ ಪ್ರಸಾದದಂತೆಯೇ ನಡೆದರು. ಏನು ಕೆಟ್ಟಿತು? ಯಾರ ಹಂಗಿಲ್ಲದೆ ಗೌರವದಿಂದ ಬದುಕಿದ್ದೀಯ. ಡಿಸೆಂಬರ್ 7 ಹತ್ತಿರ ಬರುತ್ತಿದೆ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಸಹಕರಿಸು.

ನಿನ್ನ ತಮ್ಮ,
ಮಂಗೇಶ


ಅಂಕೋಲಾ
16 ಅಕ್ಟೋಬರ್ 2008

ಮಂಗೇಶನಿಗೆ,

ನಿನ್ನ ಕಾಗದದ ಒಂದು ಸಾಲನ್ನು ಹತ್ತು ಸಲ ಓದಿದೆ. ‘ಅಮ್ಮನ ಬಲ ಅಂದರೆ ನಮಗೆ ಎಡಗೈ ಕಡೆ.’

1979ರ ಮಳೆಗಾಲ ಮುಗಿಯುವ ಹೊತ್ತಿಗೆ ಅಗಸೂರಿನ ತುಳಸಿದಾಸ ಮಾಸ್ತರರ ಮನೆಯಿಂದ ನನ್ನನ್ನು ಕೇಳಿಕೊಂಡು ಬಂದಿದ್ದರು. ಅಪ್ಪನಿಗೆ ನಡೆಯಲು ಆಗುತ್ತಿರಲಿಲ್ಲ, ಪ್ರಸಾದ ಕೇಳಲು ಶೆಟಗೇರಿಗೆ ನಿನ್ನನ್ನು ಕಳಿಸಿದರು. ನಿನಗೆ ಆಗ ಇಪ್ಪತ್ತು. ನೀನು ತಿರುಗಿ ಬಂದಾಗ ನಾನು ಕ್ಲಾಸಿನಲ್ಲಿ ಯಂತ್ರಕ್ಕೆ ರಿಬ್ಬನ್ ಹಾಕುತ್ತಿದ್ದೆ, ಕೈಯೆಲ್ಲ ಶಾಯಿ. ಅಪ್ಪ ಜಗಲಿಯಿಂದಲೇ, ‘ಎತ್ಲಾಗೆ ಬಿತ್ತೋ?’ ಅಂದರು. ನೀನು ಬಲಗೈಯಲ್ಲಿ ಸೈಕಲ್ ಹಿಡಿದು ನಿಂತಿದ್ದೆ. ಎಡಗೈ ಎತ್ತಿ ತೋರಿಸಿದೆ. ‘ಎಡಕ್ಕೆ ಅಪ್ಪ, ಇತ್ಲಾಗೆ’ ಅಂದೆ. ಅಪ್ಪ ‘ಹೋಗ್ಲಿ ಬಿಡು’ ಅಂದರು. ನಾನು ರಿಬ್ಬನ್ ಹಾಕಿ ಮುಗಿಸಿದೆ.

ಆ ಕೈ ನನಗೆ ಇವತ್ತಿಗೂ ಕಾಣುತ್ತದೆ. ಅದು ಯಾರ ಎಡ, ಮಂಗೇಶ?

ನೀನು ಸುಲಭದಲ್ಲಿ ಹೇಳುವವನಲ್ಲ ಎಂದು ನಿನ್ನೆ ನಾನೇ ಶೆಟಗೇರಿಗೆ ಹೋದೆ. ಸುಬ್ಬ ಗುನಗನಿಗೆ ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ‘ತಂಗೀ, ಅವತ್ತು ಮೊಗ್ಗು ಅಮ್ಮನ ಬಲಕ್ಕೆ ಬಿದ್ದಿತ್ತು. ಆತು ಅಂತ ನಾನೇ ಹೇಳಿದ್ದೆ. ಕಾಯಿ ಒಡೆಸೂಕೆ ಮುಂದಿನ ವಾರ ಬತ್ತೆ ಅಂತ ಹೇಳಿ ಹೋದಂವ ನಿನ್ನ ತಮ್ಮ, ಬರ್ಲೇ ಇಲ್ಲ. ಎಂತಕೆ ಬರ್ಲಿಲ್ಲ ಅಂತ ನಾ ಎಷ್ಟೋ ದಿನ ಯೋಚ್ನೆ ಮಾಡ್ದೆ.’

ನಾನು ಅವನಿಗೆ ಏನು ಉತ್ತರ ಹೇಳಲಿ? ನೀನೇ ಬರೆದು ಕಳಿಸು.

ದಮಯಂತಿ


ಅಂಕೋಲಾ
3 ನವೆಂಬರ್ 2008
(ಅಂಚೆ ಕಾರ್ಡು)

ದೀಪಾವಳಿ ಮುಗಿಯಿತು. ನಿನ್ನ ಉತ್ತರ ಬರಲಿಲ್ಲ. ನೀನು ಮೂರು ಸಲ ಫೋನ್ ಮಾಡಿದ್ದೀಯ ಎಂದು ವಿಜೇತಾ ಹೇಳಿದಳು. ನಾನು ಫೋನಿಗೆ ಬರುವುದಿಲ್ಲ. ಕಾರ್ಡಿನಲ್ಲಿ ಬರೆದದ್ದನ್ನು ಪೋಸ್ಟ್‌ಮನ್ ಕೂಡ ಓದುತ್ತಾನೆ ಎಂದು ಗೊತ್ತಿದ್ದೇ ಕಾರ್ಡು ಹಾಕಿದ್ದೇನೆ. ಮುಂದಿನದರಲ್ಲಿ ವಿಷಯವನ್ನೂ ಬರೆಯುತ್ತೇನೆ.

ದಮಯಂತಿ ನಾಯಕ


ಮಲ್ಲಾಪುರ
10 ನವೆಂಬರ್ 2008

ಅಕ್ಕ,

ಕಾರ್ಡು ಹಾಕಬೇಡ. ಬರೆಯುತ್ತೇನೆ.

ಅವತ್ತು ಗುಡಿಯಿಂದ ಹೊರಗೆ ಬಂದಾಗ ನನಗೆ ಖುಷಿಯೇ ಆಗಿತ್ತು. ಸುಳ್ಳಲ್ಲ. ನಿನಗೆ ಒಳ್ಳೆಯ ಮನೆ ಸಿಕ್ಕಿತು ಅಂದುಕೊಂಡು ಸೈಕಲ್ ಹತ್ತಿದೆ. ಮೋರಿಯ ಹತ್ತಿರ ಚೈನು ತಪ್ಪಿತು. ಇಳಿದು ಹಾಕುತ್ತ ಕೂತಾಗ ತಲೆಗೆ ಬಂತು, ನೀನು ಹೋದರೆ ಕ್ಲಾಸು ಯಾರು ನಡೆಸುತ್ತಾರೆ? ಅಪ್ಪನ ಕಾಲು ಹಾಗಿದೆ. ಕಾರವಾರದಲ್ಲಿ ನನ್ನ ಡಿಪ್ಲೊಮಾ ಇನ್ನೂ ಎರಡು ವರ್ಷ ಇತ್ತು. ನಾನೇ ಬಿಟ್ಟು ಬಂದು ಯಾವುದಾದರೂ ಅಂಗಡಿಯಲ್ಲಿ ಕೂರಬೇಕಾಗುತ್ತದೆ ಅನ್ನಿಸಿತು.

ಆದರೂ ಹೇಳಿಬಿಡಬೇಕು ಎಂದೇ ಮನೆಗೆ ಬಂದೆ. ಅಪ್ಪ ‘ಎತ್ಲಾಗೆ ಬಿತ್ತೋ’ ಎಂದು ಕೇಳಿದರು. ಅವರು ‘ಆತೋ?’ ಎಂದು ಕೇಳಿದ್ದರೆ ಹೌದು ಅನ್ನುತ್ತಿದ್ದೆ. ಎತ್ಲಾಗೆ ಅಂದರಲ್ಲ, ಕೈ ತಾನಾಗಿ ಎದ್ದಿತು. ಅದು ನನ್ನ ಎಡಕ್ಕೇ ಬಿದ್ದಿತ್ತು ಅಕ್ಕ. ನಾನು ಸುಳ್ಳು ಹೇಳಿರಲಿಲ್ಲ. ಕಂಡದ್ದನ್ನು ತೋರಿಸಿದೆ, ಅಷ್ಟೇ. ಅಪ್ಪ ಬೇರೆ ಅರ್ಥ ಮಾಡಿಕೊಂಡರು. ನಾನು ತಿದ್ದಲಿಲ್ಲ. ನಾಳೆ ಹೇಳೋಣ ಅಂದುಕೊಂಡೆ. ಮರುದಿನವೇ ಅಗಸೂರಿಗೆ ‘ಪ್ರಸಾದ ಆಗ್ಲಿಲ್ಲ’ ಎಂದು ಹೇಳಿ ಕಳಿಸಿಬಿಟ್ಟರು. ಮತ್ತೆ ಹೇಳಿದರೆ ಎಲ್ಲರ ಮಾನ ಹೋಗುತ್ತದೆ ಅನ್ನಿಸಿತು. ಆಮೇಲೆ ಅಭ್ಯಾಸವಾಯಿತು.

ಕಂಪ್ಯೂಟರ್ ಕೊಡಿಸಿದ್ದೂ ಇದೇ ಭಾರಕ್ಕೆ ಇರಬಹುದು. ನನ್ನನ್ನು ಕ್ಷಮಿಸು.

ಮಂಗೇಶ


ಅಂಕೋಲಾ
14 ನವೆಂಬರ್ 2008

ಮಂಗೇಶನಿಗೆ,

ನಿನ್ನ ಕಾಗದ ಓದಿ ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೆ. ನಾಟಕಕ್ಕಲ್ಲ, ನಿಜವಾಗಿ ತೊಳೆಯಬೇಕೆನ್ನಿಸಿತು.

ಸುಳ್ಳು ಹೇಳಿದ್ದೆ ಎಂದು ಬರೆದಿದ್ದರೆ ಸಿಟ್ಟು ಬರುತ್ತಿತ್ತು, ಎರಡು ದಿನಕ್ಕೆ ಇಳಿಯುತ್ತಿತ್ತು. ಸ್ವಾರ್ಥಕ್ಕೆ ಮಾಡಿದೆ ಎಂದಿದ್ದರೂ ಅರ್ಥವಾಗುತ್ತಿತ್ತು, ಇಪ್ಪತ್ತರ ಹುಡುಗ, ಓದಬೇಕಿತ್ತು. ಆದರೆ ನೀನು ಕೈ ತೋರಿಸಿದೆ. ಇಪ್ಪತ್ತೊಂಬತ್ತು ವರ್ಷ ಆ ಕೈಯ ಹಿಂದೆ ಅಡಗಿ ಕೂತು ‘ಸುಳ್ಳು ಹೇಳಲಿಲ್ಲ’ ಎಂದು ಲೆಕ್ಕ ಹಾಕಿಕೊಂಡೆ. ಈಗ ಐವತ್ತರ ಹತ್ತಿರ ಬಂದು ಅದನ್ನೇ ನನಗೂ ಬರೆದು ಕಳಿಸುತ್ತೀಯ. ಥೂ! ಆ ಪರದೆಯ ಮೇಲಿನ ಚಿತ್ರಗಳನ್ನು ನೋಡಿದಾಗಲೂ ನನಗೆ ಇಷ್ಟು ವಾಕರಿಕೆ ಬಂದಿರಲಿಲ್ಲ. ಮಗಳ ವಿಷಯಕ್ಕೆ ಮಾತ್ರ ಎಡ ಬಲ ಎಷ್ಟು ಚೆನ್ನಾಗಿ ಗೊತ್ತು ನಿನಗೆ. ಹೆಂಡತಿಗೆ ತಿಳಿಸಿ ಹೇಳುತ್ತೀಯ. ಎಷ್ಟೋ ಜನ ಮೋಸ ಹೋಗುತ್ತಾರೆ ಎಂದು ನಿನ್ನದೇ ಕೈಯಲ್ಲಿ ಬರೆದೆ.

ನಾನು ತುಳಸಿದಾಸ ಮಾಸ್ತರರನ್ನು ನೆನೆದು ಅಳುತ್ತ ಕೂತಿಲ್ಲ. ಹೆಂಡತಿಯ ಜೊತೆ ಮೀನುಪೇಟೆಯಲ್ಲಿ ಬಂಗಡೆ ಆರಿಸುತ್ತ ಸಿಗುತ್ತಾರೆ, ಕೈಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ. ಹೊಟ್ಟೆ ಬಂದಿದೆ. ನನ್ನ ಹೇಸಿಗೆ ಅದಕ್ಕಲ್ಲ. ಅಪ್ಪ ಮೊಗ್ಗನ್ನು ಕೇಳಿದರು, ಮೊಗ್ಗು ಹೇಳಿದ್ದನ್ನು ನಿನ್ನನ್ನು ಕೇಳಿದರು. ನಾನು ಹತ್ತು ಹೆಜ್ಜೆ ಆಚೆ ಶಾಯಿ ಕೈಯಲ್ಲಿ ನಿಂತಿದ್ದೆ. ಪ್ರಸಾದ ಬಲಕ್ಕೆ ಬಿದ್ದಿದ್ದರೂ ಕೇಳುತ್ತಿರಲಿಲ್ಲ, ಎಡಕ್ಕೆ ಬಿದ್ದಿದ್ದರೂ ಕೇಳುತ್ತಿರಲಿಲ್ಲ. ನನ್ನ ಮಟ್ಟಿಗೆ ಈ ಮನೆಯಲ್ಲಿ ಕೇಳುವುದನ್ನು ಹುಟ್ಟಿದಾಗಲೇ ಬಂದ್ ಮಾಡಿ ಇಟ್ಟಿದ್ದಿರಿ. ಕ್ಷಮಿಸು ಅನ್ನುತ್ತೀಯಲ್ಲ, ಇಡೀ ಕಾಗದದಲ್ಲಿ ನಿನ್ನ ಸೈಕಲ್ಲಿದೆ, ನಿನ್ನ ಡಿಪ್ಲೊಮಾ ಇದೆ, ನಿನ್ನ ಭಾರವಿದೆ. ನನ್ನನ್ನು ಕೇಳಿದ ಒಂದು ಪ್ರಶ್ನೆ ಇಲ್ಲ.

ಈಗ ನಾನು ಹೇಳುವುದು ಎರಡೇ. ನಿಶ್ಚಿತಾರ್ಥಕ್ಕೆ ಇಪ್ಪತ್ತಮೂರು ದಿನವಿದೆ. ಬಂದು ವಿಜೇತಾಳನ್ನು ಕೇಳು. ಹೇಳುವುದಲ್ಲ, ಕೇಳುವುದು. ಅವಳು ಹೂಂ ಅಂದರೆ ನಾನೇ ಮುಂದೆ ನಿಂತು ಆರತಿ ಎತ್ತುತ್ತೇನೆ. ಅವಳು ಬೇಡ ಅಂದರೆ ಕೋಡಿಬಾಗಕ್ಕೆ ನೀನೇ ಹೋಗಿ ಹೇಳಬೇಕು, ಅಮ್ಮನ ಹೆಸರು ಮುಂದೆ ಮಾಡಬಾರದು. ಕೇಳದೆ ಅವಳನ್ನು ಮಣೆಯ ಮೇಲೆ ಕೂರಿಸಿದರೆ, ಸುಬ್ಬ ಗುನಗನ ಕೈ ಹಿಡಿದು ಕರೆದುಕೊಂಡು ಬಂದು ಎಲ್ಲರ ಎದುರು ಎಡ ಬಲ ವಿಚಾರಿಸುತ್ತೇನೆ. ನಾನು ಮಾಡುತ್ತೇನೆ ಎಂದು ನಿನಗೆ ಗೊತ್ತು.

ಎರಡನೆಯದು, ನನ್ನ ಕ್ಲಾಸಿನ ಕೀಲಿ ವಾಪಸ್ ಕೊಡು.

ದಮಯಂತಿ ನಾಯಕ


ಮಲ್ಲಾಪುರ
24 ನವೆಂಬರ್ 2008

ಅಕ್ಕ,

ಶನಿವಾರ ಬಂದಾಗ ನೀನು ಬೇಕೆಂದೇ ಪೇಟೆಗೆ ಹೋಗಿ ಕೂತಿದ್ದೆ ಎಂದು ಗೊತ್ತಾಯಿತು. ಕ್ಲಾಸಿನ ಬಾಗಿಲು ಹಾಕಿತ್ತು. ಕೀಲಿ ಕಿಸೆಯಲ್ಲಿದ್ದರೂ ತೆಗೆಯಲಿಲ್ಲ, ವಿಜೇತಾ ಶಾಲೆಯಿಂದ ಬರುವವರೆಗೆ ಜಗಲಿಯ ಮೇಲೆ ಕೂತಿದ್ದೆ.

ಹೇಗೆ ಕೇಳಬೇಕು ಎಂದೇ ತಿಳಿಯಲಿಲ್ಲ. ಬಸ್ಸಿನಲ್ಲಿ ಬರುತ್ತ ನಾಲ್ಕು ತರಹ ಯೋಚಿಸಿದ್ದೆ, ನಾಲ್ಕೂ ಹೇಳುವುದೇ ಆಗುತ್ತಿತ್ತು, ಕೇಳುವುದಾಗುತ್ತಿರಲಿಲ್ಲ. ಕೊನೆಗೆ, ‘ಕೋಡಿಬಾಗದ ಹುಡುಗ ಒಬ್ಬ ಇದ್ದ. ನಿಂಗೆ ಬೇಕೋ ಬೇಡ್ವೋ?’ ಅಂದುಬಿಟ್ಟೆ. ಅವಳು ಚಪ್ಪಲಿ ಕೂಡ ಕಳಚಿರಲಿಲ್ಲ. ನನ್ನ ಮುಖವನ್ನೇ ನೋಡಿದಳು. ಆಮೇಲೆ, ‘ಬೇಡ ಅಪ್ಪ’ ಅಂದಳು. ಎಂತಕೆ ಅಂದೆ. ‘ಬೇಕೋ ಬೇಡ್ವೋ ಅಂತ ಕೇಳಿದ್ರಿ. ಹೇಳ್ದೆ. ಎಂತಕೆ ಅಂತ ಇನ್ನೊಂದ್ಸಲ ಬಂದಾಗ ಹೇಳ್ತೆ’ ಅಂದು ಚಾ ಮಾಡಲು ಒಳಗೆ ಹೋದಳು. ಹುಡುಗಿ ನಿನ್ನ ಹಾಗೇ ಆಗಿದ್ದಾಳೆ.

ನಿನ್ನೆ ಕೋಡಿಬಾಗಕ್ಕೆ ಹೋಗಿ, ‘ನಮ್ಮ ಹುಡುಗಿಗೆ ಬೇಡವಂತೆ, ತಪ್ಪು ನಂದು, ಮೊದಲು ಕೇಳ್ಬೇಕಿತ್ತು’ ಎಂದೆ. ಹುಡುಗನ ಅಪ್ಪ, ‘ಪ್ರಸಾದ ಆಗಿದೆ ಅಂದಿದ್ರಿ?’ ಅಂದರು. ಅಮ್ಮನ ಹೆಸರು ಹೇಳಲಿಲ್ಲ ಅಕ್ಕ. ಬಹಳ ಮಾತು ಕೇಳಿಸಿಕೊಂಡೆ. ಮನೆಯಲ್ಲಿ ನನ್ನ ಹೆಂಡತಿ ಮಾತು ಬಿಟ್ಟಿದ್ದಾಳೆ.

ಕೀಲಿ ಇದರ ಜೊತೆಗಿದೆ. ಬಟ್ಟೆಯಲ್ಲಿ ಹೊಲಿದು ಇಟ್ಟಿದ್ದೇನೆ, ಬಿಚ್ಚುವಾಗ ಕತ್ತರಿ ಜೋಪಾನ.

ನನ್ನ ಕಾಗದದಲ್ಲಿ ಒಂದು ಪ್ರಶ್ನೆ ಇಲ್ಲ ಎಂದು ನೀನು ಬರೆದಿದ್ದೆ. ಹೌದು. ಮೂರು ದಿನದಿಂದ ಈ ಒಂದು ಸಾಲು ಬರೆಯಲು ಕೂತಿದ್ದೇನೆ. ಅವತ್ತು ಕೇಳಿದ್ದರೆ ನೀನು ಏನು ಹೇಳುತ್ತಿದ್ದೆ? ಉತ್ತರ ಕೊಡದಿದ್ದರೂ ನಡೆಯುತ್ತದೆ.

ಮಂಗೇಶ


ಅಂಕೋಲಾ
29 ನವೆಂಬರ್ 2008

ಮಂಗೇಶನಿಗೆ,

ಕೀಲಿ ತಲುಪಿತು. ತುಕ್ಕು ಹಿಡಿದಿದೆ, ಎಣ್ಣೆ ಹಚ್ಚಿ ಇಟ್ಟಿದ್ದೇನೆ.

ರೂಪೇಶ ಯಂತ್ರ ಸರಿ ಮಾಡಿ ತಂದ. ‘ಅಕ್ಕೋರೆ, ಆ ಕೇಳೂದನ್ನ ಚಾಲೂ ಮಾಡ್ಲೋ, ಬೇಡ್ವೋ?’ ಎಂದು ಕೇಳಿದ. ಮಾಡು ಅಂದೆ. ಈ ಕಾಗದಕ್ಕೆ ಕೂರುವ ಮೊದಲು ಗಡಿಯಾರ ಸರಿಪಡಿಸಿದೆ, ಡಬ್ಬಿ ಬಂತು, ಅಪ್ಪಣೆ ಕೊಟ್ಟೆ. ಬಿಟ್ಟು ಹೋಗಿದ್ದ ಇಬ್ಬರಲ್ಲಿ ಒಬ್ಬಳು ತಿರುಗಿ ಬಂದಿದ್ದಾಳೆ. ವಿಜೇತಾ ಬಿ.ಎಡ್. ಮಾಡಬೇಕಂತೆ, ಅದು ಅವಳ ‘ಎಂತಕೆ’ಯಲ್ಲಿ ಅರ್ಧ. ಉಳಿದ ಅರ್ಧ ನಿನಗೇ ಹೇಳುತ್ತಾಳಂತೆ, ಬಂದು ಕೇಳಿಕೋ. ಬರುವಾಗ ಹೆಂಡತಿಯನ್ನೂ ಕರೆದುಕೊಂಡು ಬಾ. ಅವಳನ್ನೂ ಯಾರೂ ಕೇಳಿರಲಿಲ್ಲ.

ನಿನ್ನ ಮೇಲಿನ ಹೇಸಿಗೆ ಪೂರ್ತಿ ಹೋಗಿಲ್ಲ. ಹೋಗುತ್ತದೋ ಇಲ್ಲವೋ ಗೊತ್ತಿಲ್ಲ. ಸುಬ್ಬ ಗುನಗನ ಕೈಯಲ್ಲಿ ಕಾಯಿ ಒಡೆಸುವುದು ಇನ್ನೂ ಬಾಕಿ ಇದೆ, ಅದನ್ನು ನೀನೇ ಹೋಗಿ ಮುಗಿಸು.

ನಿನ್ನ ಪ್ರಶ್ನೆಗೆ. ಆ ಮಳೆಗಾಲಕ್ಕೆ ಮೊದಲು ತುಳಸಿದಾಸ ಮಾಸ್ತರರು ವರ್ಗಾವಣೆಯ ಅರ್ಜಿ ಟೈಪ್ ಮಾಡಿಸಲು ಕ್ಲಾಸಿಗೆ ಬಂದಿದ್ದರು. ನಾನು ಹೊಡೆದದ್ದರಲ್ಲಿ ಒಂದು ತಪ್ಪಿತ್ತು. ಬೇರೆಯವರಾದರೆ ಪೆನ್ನಿನಲ್ಲಿ ತಿದ್ದಿಕೊಂಡು ಹೋಗುತ್ತಿದ್ದರು. ಅವರು ಕಾಗದ ನನ್ನ ಮುಂದಿಟ್ಟು, ‘ಇದೊಂದು ಅಕ್ಷರ ನಾನು ತಿದ್ದಬಹುದೋ?’ ಎಂದು ಕೇಳಿದರು.

ಹೂಂ ಅನ್ನುತ್ತಿದ್ದೆ, ಮಂಗೇಶ.

ನಿನ್ನ ಅಕ್ಕ,
ದಮಯಂತಿ